ಅಧಿಸೂಚನೆಯ ಎದುರು ರಿಟ್ ಅರ್ಜಿ

ಯಲಹಂಕ ಹೋಬಳಿಯಲ್ಲಿ ಬಡಾವಣೆಗೆಂದು ಗುರುತಾದ ಜಮೀನಿನ ಪಹಣಿಯೊಂದನ್ನು ಕೈಗೆತ್ತಿಕೊಂಡರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಯಾರು ಉಳುತ್ತಿದ್ದಾರೆ, ಏನು ಬೆಳೆದಿದ್ದಾರೆ ಎಂಬ ವಿವರ. ಇವೆರಡರ ನಡುವೆ, ಹಕ್ಕು ಮತ್ತು ಋಣಗಳನ್ನು ಬರೆಯುವ 11ನೇ ಕಾಲಂನಲ್ಲಿ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಭೂಸ್ವಾಧೀನ ಎಂಬ ಒಂದೇ ಒಂದು ಸಾಲು. ಆ ಸಾಲು ಬಿದ್ದ ಮೇಲೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಕೊಳ್ಳುವವನು ಅಡ್ಡಾದುಡ್ಡಿಗೆ ಕೇಳುತ್ತಾನೆ, ಅಣ್ಣತಮ್ಮಂದಿರ ವಿಭಾಗ ನಿಂತುಹೋಗುತ್ತದೆ. ಬೆಂಗಳೂರು ಉತ್ತರದ ರೈತರೂ ನಿವೇಶನದಾರರೂ ಐದು ದಶಕಗಳಿಂದ ಹೈಕೋರ್ಟಿನ ಮೆಟ್ಟಿಲು ಹತ್ತುತ್ತಿರುವುದು ಬಹುಮಟ್ಟಿಗೆ ಈ ಸಾಲನ್ನು ಅಳಿಸಲು.

ಮೊದಲು ಜಗಳವಿದ್ದದ್ದು ದರದ ಬಗ್ಗೆ. ಮೈಸೂರು ಸಂಸ್ಥಾನಕ್ಕೆ 1894ರದೇ ಭೂಸ್ವಾಧೀನ ಕಾಯ್ದೆ ಇತ್ತು. ಸ್ವಾತಂತ್ರ್ಯಾನಂತರ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯ ಕಡೆ ನೆಲೆಯೂರಿದಾಗ ಸರ್ಕಾರ ಜಮೀನು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ; ಎಕರೆಗೆ ಎಷ್ಟು ಎಂಬುದಷ್ಟೇ ಸಿವಿಲ್ ಕೋರ್ಟಿನ ಮುಂದೆ ಹೋಗುತ್ತಿತ್ತು. 1945ರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಜಾಗಕ್ಕೆ 1976ರ ಕಾಯ್ದೆಯ ಬಿಡಿಎ ಬಂತು. ಅದರ 17ನೇ ಕಲಮಿನಲ್ಲಿ ಪ್ರಾಥಮಿಕ ಅಧಿಸೂಚನೆ, 19ರಲ್ಲಿ ಅಂತಿಮ ಅಧಿಸೂಚನೆ. ಐದು ವರ್ಷದೊಳಗೆ ಯೋಜನೆ ಬಹುಪಾಲು ಜಾರಿಯಾಗದಿದ್ದರೆ 27ನೇ ಕಲಮಿನಂತೆ ಅದು ರದ್ದು. ಹೆಚ್ಚುಕಡಿಮೆ ಇದೇ ಕಾಲಕ್ಕೆ ಸಂವಿಧಾನದ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿತು. 1979ರ ಜೂನ್‌ನಿಂದ ಆಸ್ತಿ ಬರೀ ಸಾಂವಿಧಾನಿಕ ಹಕ್ಕು. ಬಿಡಿಎ ಕೈ ಬಲವಾದದ್ದೂ ಮಾಲೀಕನ ಹಕ್ಕು ತೆಳುವಾದದ್ದೂ ಒಟ್ಟೊಟ್ಟಿಗೇ.

ತಿರುವು ಬಂದದ್ದು ಗೃಹ ನಿರ್ಮಾಣ ಸಹಕಾರ ಸಂಘಗಳಿಂದ. ಎಂಬತ್ತರ ದಶಕದಲ್ಲಿ ನೌಕರರ ಸಂಘಗಳ ಹೆಸರಿನಲ್ಲಿ ಸರ್ಕಾರ ಎಕರೆಗಟ್ಟಲೆ ಜಮೀನನ್ನು ಸ್ವಾಧೀನಪಡಿಸಿ ಕೊಟ್ಟಿತು. ಎಚ್‌ಎಂಟಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ವಿಚಿತ್ರವಾದ ಕಾಗದವೊಂದು ಹೊರಬಿತ್ತು: ಅಧಿಸೂಚನೆ ಹೊರಡಿಸಿಕೊಡುವ ಜವಾಬ್ದಾರಿ ಹೊತ್ತ ಏಜೆಂಟನೊಂದಿಗೆ ಸಂಘ ಮಾಡಿಕೊಂಡ ಒಪ್ಪಂದ. ಸರ್ಕಾರಿ ಅಧಿಸೂಚನೆಗೂ ದಲ್ಲಾಳಿ! ಇಡೀ ಸ್ವಾಧೀನವನ್ನು ರದ್ದುಪಡಿಸಿದ್ದ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 1995ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ಆ ತೀರ್ಪಿನ ಒಂದು ನಿರ್ದೇಶನವನ್ನು ಇಂದಿಗೂ ನೆನೆಯಬೇಕು. ಕೋರ್ಟಿಗೆ ಬಂದವರಿರಲಿ, ಬಾರದವರಿರಲಿ, ಪಡೆದ ಪರಿಹಾರ ಹಿಂದಿರುಗಿಸಿದರೆ ಎಲ್ಲರಿಗೂ ಜಮೀನು ವಾಪಸು ಕೊಡಬೇಕು ಎಂದಿತು ಅದು. ನಾಗವಾರದಲ್ಲಿ ವೈಯಾಲಿಕಾವಲ್ ಗೃಹ ನಿರ್ಮಾಣ ಸಂಘಕ್ಕಾಗಿ ನಡೆದ ಸ್ವಾಧೀನವೂ 2007ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆ ಹಿಂದೆ ಸರಿದು, ಯಾರಿಗಾಗಿ, ಹೇಗೆ ತೆಗೆದುಕೊಂಡಿರಿ ಎಂಬ ಪ್ರಶ್ನೆ ಮುಂದೆ ಬಂತು.

ಆ ಪ್ರಶ್ನೆಗೆ ದೊಡ್ಡ ಪರೀಕ್ಷೆ ಎದುರಾದದ್ದು ಅರ್ಕಾವತಿ ಬಡಾವಣೆಯಲ್ಲಿ. 2003ರ ಫೆಬ್ರುವರಿ 3ರಂದು ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ಅಮೃತಹಳ್ಳಿ, ಸಂಪಿಗೇಹಳ್ಳಿ, ಶ್ರೀರಾಂಪುರ, ಗೆದ್ದಲಹಳ್ಳಿ, ನಾಗವಾರ, ಹೆಣ್ಣೂರು ಸೇರಿ 16 ಹಳ್ಳಿಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಬಂತು. ಮರುವರ್ಷದ ಫೆಬ್ರುವರಿ 23ರ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು 2,750 ಎಕರೆ. ನಡುವೆ ಸುಮಾರು 589 ಎಕರೆ ಕೈಬಿಟ್ಟಿದ್ದರು. ಕೈಬಿಟ್ಟಿದ್ದು ಯಾವ ಅಳತೆಗೋಲಿನಿಂದ? ಪಕ್ಕದ ಸರ್ವೆ ನಂಬರಿನಲ್ಲಿ ಮನೆ ಇದೆಯೆಂದು ಬಿಟ್ಟವರು ನನ್ನ ಮನೆಯನ್ನು ಏಕೆ ಬಿಡಲಿಲ್ಲ, ಅವನ ನರ್ಸರಿ ನರ್ಸರಿಯಾದರೆ ನನ್ನದೇನು ಎಂಬುದೇ ನೂರಾರು ರಿಟ್ ಅರ್ಜಿಗಳ ತಿರುಳಾಯಿತು.

2005ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಇಡೀ ಸ್ವಾಧೀನವನ್ನು ರದ್ದು ಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಷರತ್ತುಗಳೊಂದಿಗೆ ಎತ್ತಿಹಿಡಿಯಿತು. ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2010ರ ಮೇ 5ರಂದು ತೀರ್ಪು ಕೊಟ್ಟಿತು. ನಗರಪಾಲಿಕೆಗಳಿಗೆ ಸಂಬಂಧಿಸಿದ 74ನೇ ತಿದ್ದುಪಡಿಯಿಂದ ಬಿಡಿಎ ಅಧಿಕಾರವೇ ಹೋಗಿದೆ ಎಂಬ ವಾದ ಬಿದ್ದುಹೋಯಿತು, ಬಡಾವಣೆ ಉಳಿಯಿತು. ಆದರೆ ಹಸಿರುವಲಯ, ಪೂರ್ತಿ ಮನೆ ಕಟ್ಟಿದ ಜಾಗ, ಧಾರ್ಮಿಕ, ಶೈಕ್ಷಣಿಕ ಸಂಸ್ಥೆಗಳ ಕಟ್ಟಡ, ನರ್ಸರಿ, ನಡೆಯುತ್ತಿರುವ ಕಾರ್ಖಾನೆ, ಕೈಬಿಟ್ಟ ಜಮೀನಿಗೆ ಹೊಂದಿಕೊಂಡು ಅದೇ ಸ್ವರೂಪದ್ದಾಗಿರುವ ಜಮೀನು, ಇವುಗಳ ಮಾಲೀಕರ ಅಹವಾಲನ್ನು ಬಿಡಿಎ ಮತ್ತೆ ಪರಿಶೀಲಿಸಬೇಕು ಎಂದಾಯಿತು.

ಈ ಷರತ್ತುಗಳಿಂದಲೇ ಬಡಾವಣೆ ಜರಡಿಯಾಯಿತು. 2014ರ ಜೂನ್‌ನಲ್ಲಿ ಮರುರೂಪಿಸಿದ ಯೋಜನೆಯಲ್ಲಿ ಉಳಿದದ್ದು ಸುಮಾರು 1,766 ಎಕರೆ. ಕೈಬಿಟ್ಟದ್ದರಲ್ಲಿ ಕೋರ್ಟು ಹೇಳಿದ್ದೆಷ್ಟು, ಕೋರ್ಟಿನ ಹೆಸರು ಹೇಳಿಕೊಂಡು ಬಿಟ್ಟದ್ದೆಷ್ಟು ಎಂಬ ಗಲಾಟೆ ವಿಧಾನಸೌಧದವರೆಗೂ ಹೋಗಿ, ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಆಯೋಗ ರಚನೆಯಾಯಿತು. ಆಯೋಗ 2017ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಷ್ಟರಲ್ಲಿ ನಿವೇಶನ ಹಂಚಿಕೆಯಾಗಿ, ಕಂತು ಕಟ್ಟಿ, ಜಾಗ ಹುಡುಕಿಕೊಂಡು ಹೋದವರಿಗೆ ಅಲ್ಲಿ ಕಂಡದ್ದು ಬೇರೊಬ್ಬರ ಬೇಲಿ. ರೈತ ಮತ್ತು ಸರ್ಕಾರದ ವ್ಯಾಜ್ಯದಲ್ಲಿ ಈ ಮೂರನೆಯವನನ್ನು ಕೇಳಿದವರೇ ಕಡಿಮೆ. ನನ್ನ ಲೆಕ್ಕದಲ್ಲಿ ಅರ್ಕಾವತಿಯ ಅತಿ ದೊಡ್ಡ ಸೋಲು ಅವನದೇ.

ಇನ್ನೊಂದು ಮಾತು. ಸ್ವಾಧೀನ ಎಂಬುದು ನೆಲದ ಮೇಲೆ ಹೇಗೆ ನಡೆಯುತ್ತದೆ? ಬಹಳ ಸಲ ಮಹಜರಿನಿಂದ. ಅಧಿಕಾರಿ ಒಂದು ಹಾಳೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಬರೆದು, ಜಮೀನನ್ನು ವಶಕ್ಕೆ ತೆಗೆದುಕೊಳ್ಳಲಾಗಿದೆ ಎಂದು ಸೇರಿಸಿ, ಪಂಚರಿಂದ ಸಹಿ ಹಾಕಿಸುತ್ತಾರೆ. ಮಾಲೀಕ ಮರುದಿನವೂ ಅಲ್ಲೇ ನೇಗಿಲು ಹೂಡುತ್ತಿರಬಹುದು. ಕಾನೂನಿನ ಕಣ್ಣಿನಲ್ಲಿ ಜಮೀನು ಹೋಯಿತು. ಒಮ್ಮೆ ಸ್ವಾಧೀನ ಮುಗಿದರೆ ಕೇಂದ್ರದ 1894ರ ಭೂಸ್ವಾಧೀನ ಕಾಯ್ದೆಯ 48ನೇ ಕಲಮಿನಡಿ ಡಿನೋಟಿಫೈ ಮಾಡಲೂ ಬರುವುದಿಲ್ಲ. ಹಾಗಾಗಿಯೇ ವಕೀಲರು ಮೊದಲು ಕೇಳುವುದು ಮಹಜರಿನ ನಕಲನ್ನು: ತಾರೀಖು ಇದೆಯೇ, ಪಂಚರು ಯಾರು, ಆ ದಿನ ಅಲ್ಲಿ ನಿಂತಿದ್ದ ಮನೆಯ ಪ್ರಸ್ತಾಪ ಉಂಟೇ?

ಅರ್ಕಾವತಿಯಲ್ಲಿ ತಕರಾರು ಆಯ್ಕೆಯ ಬಗ್ಗೆ, ಡಾ. ಶಿವರಾಮ ಕಾರಂತ ಬಡಾವಣೆಯಲ್ಲಿ ವಿಳಂಬದ ಬಗ್ಗೆ. 2008ರ ಡಿಸೆಂಬರ್ 30ರಂದು ಸೋಮಶೆಟ್ಟಿಹಳ್ಳಿ, ಗುಣಿ ಅಗ್ರಹಾರ, ಮೇಡಿ ಅಗ್ರಹಾರ, ಬ್ಯಾಲಕೆರೆ, ಆವಲಹಳ್ಳಿ, ರಾಮಗೊಂಡನಹಳ್ಳಿ, ದೊಡ್ಡಬೆಟ್ಟಹಳ್ಳಿ ಮೊದಲಾದ 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು. ಅಂತಿಮ ಅಧಿಸೂಚನೆ ಬರಲೇ ಇಲ್ಲ. ವರ್ಷಗಟ್ಟಲೆ ನೇತುಹಾಕಿದ್ದಾರೆ ಎಂದು ಮಾಲೀಕರು ಹೈಕೋರ್ಟಿಗೆ ಹೋದರು. 2014ರ ನವೆಂಬರ್‌ನಲ್ಲಿ ಏಕಸದಸ್ಯ ಪೀಠ ಅಧಿಸೂಚನೆ ರದ್ದುಮಾಡಿತು, ವಿಭಾಗೀಯ ಪೀಠವೂ ಒಪ್ಪಿತು. ಗೆದ್ದೆವು ಎಂದು ಜನ ರೆವಿನ್ಯೂ ಸೈಟು ಕೊಂಡು ಮನೆ ಕಟ್ಟಿದರು.

2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ತಿರುಗಿಸಿಹಾಕಿತು. ಮೂರು ತಿಂಗಳೊಳಗೆ ಅಂತಿಮ ಅಧಿಸೂಚನೆ ಹೊರಡಿಸಿ ಎಂದಿತು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಅದು ಹೊರಟಿತು. ಕಟ್ಟಿದ ಮನೆಗಳ ಗತಿ? 2020ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಬಿಡಿಎ ಆಯುಕ್ತರಾಗಿದ್ದ ಜಯಕರ್ ಜೆರೋಮ್, ಪೊಲೀಸ್ ಮಹಾನಿರ್ದೇಶಕರಾಗಿದ್ದ ಎಸ್.ಟಿ. ರಮೇಶ್ ಸದಸ್ಯರು. ತೀರ್ಪಿನ ದಿನಕ್ಕೆ ಮೊದಲು ಅನುಮತಿ ಪಡೆದು ಕಟ್ಟಿದ ಮನೆಗಳನ್ನು ದಾಖಲೆ ನೋಡಿ ಸಕ್ರಮಗೊಳಿಸುವ ಕೆಲಸ ಅದಕ್ಕೆ ಬಿತ್ತು. ಆಮೇಲೆ ಎದ್ದ ಗೋಡೆಗಳಿಗೆ ರಕ್ಷಣೆ ಇಲ್ಲ. ಹೀಗೆ ಕ್ಯಾಲೆಂಡರಿನ ಒಂದು ದಿನವೇ ಗಡಿಗೆರೆಯಾಯಿತು. ಹೈಕೋರ್ಟಿನ ಗೆಲುವನ್ನು ಕೊನೆಯ ಗೆಲುವೆಂದು ನಂಬಿ ಕಟ್ಟಿದವರಿಗೆ ಆ ನಂಬಿಕೆಯೇ ಮುಳುವಾಯಿತು.

ಪೆರಿಫೆರಲ್ ರಿಂಗ್ ರಸ್ತೆಯಲ್ಲಿ ವಿಷಯ ಮತ್ತೆ ದರಕ್ಕೇ ಬಂತು, ಆದರೆ ಹೊಸ ವೇಷದಲ್ಲಿ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ ದಾಟಿ ಹೊಸೂರು ರಸ್ತೆ ಸೇರಬೇಕಾದ ಈ ರಸ್ತೆಗೆ 2005ರಲ್ಲಿ ಪ್ರಾಥಮಿಕ, 2007ರಲ್ಲಿ ಅಂತಿಮ ಅಧಿಸೂಚನೆ ಬಂದವು. ಗುರುತಾದದ್ದು 1,810 ಎಕರೆ. ರಸ್ತೆ ಬರಲಿಲ್ಲ, ದುಡ್ಡೂ ಬರಲಿಲ್ಲ. ಈ ಮಧ್ಯೆ ಕೇಂದ್ರದ 2013ರ ಕಾಯ್ದೆ ಬಂತು, ಹೆಚ್ಚಿನ ಪರಿಹಾರ, ಪುನರ್ವಸತಿ ಎಲ್ಲ ಸೇರಿ. ಅದರಂತೆ ಕೊಡಿ ಎಂಬುದು ರೈತರ ಬೇಡಿಕೆ. ಬಿಡಿಎ ಕಾಯ್ದೆಯಡಿ ತೆಗೆದುಕೊಂಡದ್ದಕ್ಕೆ 1894ರ ಕಾಯ್ದೆಯ ಲೆಕ್ಕವೇ ಅನ್ವಯ, 2013ರದ್ದಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿತು. ಒಂದೇ ಊರಿನಲ್ಲಿ ಒಂದು ಹೊಲ ಬಿಡಿಎಗೆ, ಇನ್ನೊಂದು ರಾಷ್ಟ್ರೀಯ ಹೆದ್ದಾರಿಗೆ ಹೋದರೆ ಎರಡಕ್ಕೂ ಬೇರೆ ಬೇರೆ ಕಾನೂನಿನ ಬೆಲೆ. ತಾಂತ್ರಿಕವಾಗಿ ತೀರ್ಪು ಸರಿಯಿರಬಹುದು. ಇದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸರಿಪಡಿಸಬೇಕಾದವರು ಕೋರ್ಟಿನವರಲ್ಲ, ಶಾಸಕರು.

ರೈತರ ಮಾತಾಯಿತು, ಅರಮನೆಯದೂ ಇದೇ ಕಥೆ. ಬೆಂಗಳೂರು ಅರಮನೆಯ 472 ಎಕರೆಯನ್ನು 11 ಕೋಟಿ ರೂಪಾಯಿಗೆ ಪಡೆಯಲು ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಹೈಕೋರ್ಟ್ ಮರುವರ್ಷ ಅದನ್ನು ಎತ್ತಿಹಿಡಿಯಿತು. ರಾಜಮನೆತನದವರ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಇತ್ಯರ್ಥವಾಗುವ ಮೊದಲೇ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳ ಅಗಲೀಕರಣಕ್ಕೆ 15 ಎಕರೆ 39 ಗುಂಟೆ ಬೇಕಾಯಿತು. ಬದಲಿಗೆ ಟಿಡಿಆರ್, ಅಂದರೆ ಅಭಿವೃದ್ಧಿ ಹಕ್ಕಿನ ವರ್ಗಾವಣೆ ಪತ್ರ, ಕೊಡಬೇಕು ಎಂದಾಗ ಯಾವ ಬೆಲೆಗೆ ಎಂಬ ಜಗಳ ಎದ್ದಿತು. 2024ರ ಡಿಸೆಂಬರ್ 10ರಂದು, ನ್ಯಾಯಾಂಗ ನಿಂದನೆ ಅರ್ಜಿಯಲ್ಲಿ, ಮುದ್ರಾಂಕ ಕಾಯ್ದೆಯ ಮಾರ್ಗಸೂಚಿ ದರದಂತೆ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಮೊತ್ತ ಮೂರು ಸಾವಿರ ಕೋಟಿ ದಾಟುತ್ತದೆ ಎಂದು ಗಾಬರಿಬಿದ್ದ ಸರ್ಕಾರ, 2025ರ ಜನವರಿಯಲ್ಲಿ ರಸ್ತೆ ಯೋಜನೆಯನ್ನೇ ಕೈಬಿಡಲು ಅವಕಾಶ ಕೊಡುವ ಸುಗ್ರೀವಾಜ್ಞೆ ತಂದಿತು. ಇಡೀ 472 ಎಕರೆಗೆ 11 ಕೋಟಿ, ಅದರಲ್ಲಿ 16 ಎಕರೆಗೆ ಮೂರು ಸಾವಿರ ಕೋಟಿ! ಈ ಅಂತರವನ್ನು ನೋಡಿದ ರೈತನಿಗೆ ಏನನ್ನಿಸಬೇಡ.

ತತ್ತ್ವದ ಮಟ್ಟದಲ್ಲಿ ಮಾಲೀಕನ ಕೈ ಮತ್ತೆ ಬಲವಾಗುತ್ತಿದೆ ಎಂಬುದು ನಿಜ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟು, ದೇವಿಕಾ ರಾಣಿ ಮತ್ತು ರೋರಿಕ್ ದಂಪತಿಯದ್ದು, ಅದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಸರ್ಕಾರದ ಕಾಯ್ದೆಯನ್ನು ಉಳಿಸಿದರೂ, 300ಎ ವಿಧಿಯಲ್ಲಿ ಪರಿಹಾರದ ಹಕ್ಕು ಅಡಗಿದೆ ಎಂದಿತು. ಕೋಲ್ಕತ್ತ ಮಹಾನಗರಪಾಲಿಕೆಯ ಪ್ರಕರಣದಲ್ಲಿ, 2024ರ ಮೇ ತಿಂಗಳಲ್ಲಿ, ನೋಟಿಸು ಪಡೆಯುವುದರಿಂದ ಮೊದಲಾಗಿ ಏಳು ಉಪಹಕ್ಕುಗಳನ್ನು ಅದೇ ವಿಧಿಯಿಂದ ಹೆಕ್ಕಿ ತೆಗೆಯಿತು. ಬೆಂಗಳೂರು–ಮೈಸೂರು ಕಾರಿಡಾರಿಗೆ ಜಮೀನು ಕಳೆದುಕೊಂಡು ಎರಡು ದಶಕ ಕಾದವರಿಗೆ 2003ರ ಬೆಲೆಯಲ್ಲ, 2019ರ ಬೆಲೆ ಕೊಡಿ ಎಂದು 2025ರ ಜನವರಿ 2ರಂದು ಹೇಳಿತು. ವಿಳಂಬಕ್ಕೆ ಸರ್ಕಾರವೇ ಬೆಲೆ ತೆರಬೇಕು ಎಂಬ ಈ ಮಾತು ಉತ್ತರ ಬೆಂಗಳೂರಿನ ಬಾಕಿ ಕಡತಗಳಲ್ಲಿ ಖಂಡಿತ ಉಲ್ಲೇಖವಾಗುತ್ತದೆ. ಕೆರೆಯಂಚಿನ ಜಮೀನಿನವರಿಗೂ ಒಂದು ಗೆಲುವು ಸಿಕ್ಕಿತ್ತು: ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿದ್ದ 75 ಮೀಟರ್ ಮೀಸಲು ವಲಯ 2019ರಲ್ಲಿ ರದ್ದಾಯಿತು. ಕೆರೆಗಳ ಮಟ್ಟಿಗೆ ಅದು ಒಳ್ಳೆಯದಾಯಿತೆಂದು ಹೇಳಲಾರೆ.

ಕೋರ್ಟಿನ ಹೊರಗೂ ದಾರಿ ಇದೆಯೆಂದು ದೇವನಹಳ್ಳಿ ತೋರಿಸಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಅಲ್ಲಿ ಬಿಟ್ಟದ್ದು ಎಲ್ಲರ ಜಮೀನನ್ನೂ. ರಿಟ್ ಅರ್ಜಿಯಿಂದ ಹಾಗಾಗುವುದು ಅಪರೂಪ. 1995ರ ಎಚ್‌ಎಂಟಿ ತೀರ್ಪಿನ ಔದಾರ್ಯ ಮುಂದಿನ ದೊಡ್ಡ ತೀರ್ಪುಗಳಲ್ಲಿ ಕಾಣಲಿಲ್ಲ. ವಕೀಲರ ಫೀಸು ಕಟ್ಟಬಲ್ಲವರು, ತಡೆಯಾಜ್ಞೆ ಹಿಡಿದು ಹತ್ತು ವರ್ಷ ಕೂರಬಲ್ಲವರು ಹೊರಬಂದರು, ಒಂದು ಎಕರೆಯವರು ಸಿಕ್ಕಿದ್ದನ್ನು ತೆಗೆದುಕೊಂಡು ಹೋದರು.

ಹಾಗಾಗಿ ಇನ್ನೂ ಜಮೀನು ಉಳಿಸಿಕೊಂಡಿರುವವರಿಗೆ ಒಂದು ಮಾತು. ಬಿಡಿಎ ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಲು ಇರುವುದು 30 ದಿನ. ಊರಿನವರೆಲ್ಲ ಸೇರಿ ಕೊಟ್ಟ ಮನವಿಯನ್ನು ನೆಚ್ಚಿ ಕೂರಬೇಡಿ. ನಿಮ್ಮ ಸರ್ವೆ ನಂಬರು, ಅಲ್ಲಿರುವ ಮನೆ, ಬಾವಿ, ತೋಟದ ವಿವರ, ತಾರೀಖು ಬಿದ್ದ ಫೋಟೊ ಸೇರಿಸಿ ನಿಮ್ಮದೇ ಆಕ್ಷೇಪಣೆ ಬರೆಯಿರಿ, ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಮುಂದೆ ಕೋರ್ಟಿನಲ್ಲಿ ಮೊದಲು ಕೇಳುವುದು ಅದನ್ನೇ.