ಮರದ ಗೇರ್ ನಾಬೂ ನಮ್ಮ ಚನ್ನಪಟ್ಟಣವೂ

ಪುಣೆ ಗಾಡಿಗಳ ಊರು. ಕಾರಿನ ಗೇರಿಗೆ ಮರದ ನಾಬ್ ಹಾಕಿಸಿ ಮೆರೆಯುವವರನ್ನು ಕಂಡರೆ ಹೊಸ ಹುಚ್ಚು ಎನಿಸಬಹುದು. ಹೊಸತಲ್ಲ ಕಣ್ರೀ. 1970ರಲ್ಲಿ ಲ ಮಾನ್ಸ್ ರೇಸ್ ಗೆದ್ದ ಪೋರ್ಷೆ 917ರಲ್ಲಿ ತೂಕ ಉಳಿಸಲೆಂದು ಬಾಲ್ಸಾ ಮರದ ನಾಬ್ ಇತ್ತು. ಅದರ ನೆನಪಿಗೆ 2003ರ ಕರೆರಾ ಜಿಟಿಗೂ ಮರದ್ದನ್ನೇ ಹಾಕಿದರು.

ನಮ್ಮಲ್ಲಿ ಹಳೆಯ ಅಂಬಾಸಿಡರ್, ಪದ್ಮಿನಿಗಳ ಗೇರ್ ಸ್ಟಿಯರಿಂಗ್ ಪಕ್ಕದಲ್ಲಿತ್ತು. ಅಂಗೈಗೆ ಗುಂಡನೆ ನಾಬ್ ಸಿಗುವುದು ಮನೆಮಾತಾದದ್ದು 1983ರಲ್ಲಿ ಮಾರುತಿ 800 ಬಂದ ಮೇಲೆ. ಪುಣೆಯಲ್ಲೇ ತಯಾರಾದ ಇಂಡಿಕಾ ಬಂದದ್ದು 1998ರಲ್ಲಿ.

ಇಂಥ ನಾಬ್ ನೋಡಿದಾಗೆಲ್ಲ ನನಗೆ ಚನ್ನಪಟ್ಟಣ ನೆನಪಾಗುತ್ತದೆ. ಅಲ್ಲಿ ಚೆನ್ನಾಗಿ ಒಣಗಿಸಿದ ಆಲೆ ಮರವನ್ನು ಲೇತಿಗೆ ಕೊಟ್ಟು, ಉಳಿ ಹಿಡಿದು ಆಕಾರ ತರುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಹೊಳಪು. ನಾಬಿಗೂ ಕೆಲಸ ಇಷ್ಟೇ. ಜೊತೆಗೆ ಗೇರ್ ಕಡ್ಡಿಯ ಮರೆಗೆ ಹೊಂದುವ ಹಿತ್ತಾಳೆ ಬುಷ್ ಒಂದು ಬೇಕು.

ಆದರೆ ಆಟೋಮ್ಯಾಟಿಕ್, ವಿದ್ಯುತ್ ಕಾರುಗಳ ಕಾಲದಲ್ಲಿ ನಾಬ್ ಎಷ್ಟು ದಿನ? ಸಾಲದ ಅರ್ಜಿ ನೋಡಿದ ಕಣ್ಣಿಗೆ, ಒಂದೇ ಮಾಲು ನಂಬಿದ ಕಸುಬು ಅಪಾಯದ್ದು. ಪ್ಲಾಸ್ಟಿಕ್ ಆಟಿಕೆಯ ಪೆಟ್ಟು ಚನ್ನಪಟ್ಟಣಕ್ಕೆ ಅದನ್ನು ಕಲಿಸಿದೆ. ಹಿಂದೆ ಬಾವಾಸ್ ಮಿಯಾ ಜಪಾನಿನ ಅರಗಿನ ವಿದ್ಯೆಯನ್ನು ನಮ್ಮದಾಗಿಸಿದರು. ಆಟಿಕೆ ಕಡೆದ ಕೈ ಮಣಿ, ಬಳೆಗಳನ್ನೂ ಕಡೆಯಿತು. ಉಳಿಯಬೇಕಾದ್ದು ನಾಬ್ ಅಲ್ಲ, ಆ ಕೈ. ಊರಿಗೆ ಹೋಗುವಾಗ ಹೆದ್ದಾರಿಯಲ್ಲಿ ಒಮ್ಮೆ ಇಳಿದು ಏನಾದರೂ ಕೊಳ್ಳೋಣ, ಏನಂತೀರಿ?