ಬೋಲ್ಟು ಹಿಡಿದ ತುಕ್ಕು, ಭದ್ರಾವತಿಯ ಕುಲುಮೆ

ಎಂಜಿನ್ನಿನ ಬೋಲ್ಟೊಂದು ಬಿಗಿದು ಕುಳಿತರೆ ಶಿವಮೊಗ್ಗದ ಮೆಕ್ಯಾನಿಕ್ ದೂರುವುದು ತುಕ್ಕನ್ನು. ಆ ತುಕ್ಕಿನ ಗುಣ ತಿಳಿಯಲು ಪಕ್ಕದ ಭದ್ರಾವತಿಯ ಚರಿತ್ರೆ ನೋಡಬೇಕು.

ಮೈಸೂರು ಸಂಸ್ಥಾನ 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರಿನಲ್ಲಿ ಕಬ್ಬಿಣ ಆಮ್ಲಜನಕದೊಡನೆ ಬೆರೆತಿತ್ತು. ಮಲೆನಾಡಿನ ಕಾಡಿನ ಇದ್ದಿಲು ಉರಿದು ಆಮ್ಲಜನಕವನ್ನು ಸೆಳೆದುಕೊಂಡಾಗ ಕಬ್ಬಿಣ ಬೇರೆಯಾಗುತ್ತಿತ್ತು.

ತುಕ್ಕು ಹಿಡಿಯುವುದು ಇದರ ತಿರುಗುಮುರುಗು. ನೀರು, ಗಾಳಿ ತಗುಲಿದ ಕಬ್ಬಿಣ ಮತ್ತೆ ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದಲೇ ಅದು ಥ್ರೆಡ್‌ಗಳ ಸಂದಿನಲ್ಲಿ ಉಬ್ಬಿ ಬೆಣೆಯಂತೆ ಕೂರುತ್ತದೆ. ಬಲವಂತವಾಗಿ ತಿರುಗಿಸಿದರೆ ಬೋಲ್ಟಿನ ತಲೆ ಮುರಿದು, ಉಳಿದ ತುಂಡು ಬ್ಲಾಕಿನೊಳಗೇ ಸಿಕ್ಕಿಕೊಳ್ಳುತ್ತದೆ.

ನುರಿತ ಕೈ ಇಲ್ಲಿ ಅವಸರಪಡುವುದಿಲ್ಲ. ಮೊದಲು ಗ್ಯಾಸಿನ ಉರಿಯಲ್ಲಿ ಕಾಯಿಸುತ್ತಾರೆ. ಲೋಹ ಹಿಗ್ಗಿ ಕುಗ್ಗಿದಾಗ ತುಕ್ಕು ಬಿರಿಯುತ್ತದೆ. ತಣಿದ ಮೇಲೆ ಎಣ್ಣೆ ಬಿಟ್ಟು ಕಾಯುತ್ತಾರೆ. ಆಗಲೂ ಜಗ್ಗದಿದ್ದರೆ ತುಂಡಿನ ಮೇಲೆ ನಟ್ಟು ವೆಲ್ಡ್ ಮಾಡಿ ತಿರುಗಿಸುತ್ತಾರೆ. ಕೊನೆಯ ದಾರಿ, ತುಂಡಿನ ನಡುವೆ ತೂತು ಕೊರೆದು ಎಡಸುತ್ತಿನ ಎಕ್ಸ್‌ಟ್ರಾಕ್ಟರ್ ಹೂಡುವುದು. ಅದರ ಉಕ್ಕು ಬಲು ಗಡುಸು. ಅದೂ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಕಚ್ಚುವುದಿಲ್ಲ. ಹತ್ತು ರೂಪಾಯಿಯ ಬೋಲ್ಟಿಗಾಗಿ ಇಡೀ ಬ್ಲಾಕನ್ನೇ ಕಳೆದುಕೊಳ್ಳುವ ಭಯವಿರುವುದು ಅಲ್ಲಿಯೇ.