ಫುಟಾನಿಗೊಂದು ಮರದ ಚೌಕಟ್ಟು

ಚೌಕಟ್ಟು ಯಾಕೆ?

ಜಪಾನಿನ ಸಾಂಪ್ರದಾಯಿಕ ಮನೆಯಲ್ಲಿ ಫುಟಾನಿಗೆ ಮಂಚವಿಲ್ಲ. ಹತ್ತಿ ತುಂಬಿದ ಈ ಹಾಸಿಗೆಯನ್ನು ರಾತ್ರಿ ತತಾಮಿ ಚಾಪೆಯ ಮೇಲೆ ಹಾಸುತ್ತಾರೆ, ಬೆಳಗ್ಗೆ ಮಡಚಿ ಗೋಡೆಬೀರುವಿನಲ್ಲಿ ಇಡುತ್ತಾರೆ, ಬಿಸಿಲು ಕಂಡಾಗ ಹೊರಗೆ ನೇತುಹಾಕುತ್ತಾರೆ. ಹಗಲು ಸೋಫಾ, ರಾತ್ರಿ ಮಂಚವಾಗುವ ಚೌಕಟ್ಟು ಅಮೆರಿಕದ ಮನೆಗಳಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂತು. ದಿನಾ ಹಾಸಿಗೆ ಎತ್ತದವರಿಗೆ ಅದರ ಅಡಿಯಲ್ಲಿ ಗಾಳಿಯಾಡಬೇಕು. ಇಲ್ಲವಾದರೆ ಬೆವರಿನ ತೇವ ಹತ್ತಿಯ ತಳದಲ್ಲಿ ನಿಂತು ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಡಚುವ ಚೌಕಟ್ಟಿನ ಕೀಲು ಕೂರಿಸುವುದು ನುರಿತ ಬಡಗಿಗೂ ತಲೆನೋವು. ಮೊದಲ ಸಲ ಗರಗಸ ಹಿಡಿಯುವವರಿಗೆ ಮಡಚದ, ತಗ್ಗಿನ ಚೌಕಟ್ಟೇ ಲೇಸು.

ಮರ

ತೇಗವೇ ಆಗಬೇಕೆಂದಿಲ್ಲ. ಪೈನ್ ಸಾಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ನಡೆಯುತ್ತದೆ. ರಬ್ಬರ್ ಮರವಾದರೆ ಹುಳು ಹಿಡಿಯದಂತೆ ಸಂಸ್ಕರಿಸಿದ್ದನ್ನೇ ಕೇಳಿ ಕೊಳ್ಳಬೇಕು. ಯಾವ ಮರವಾದರೂ ಚೆನ್ನಾಗಿ ಒಣಗಿರಲಿ. ಹಸಿ ಹಲಗೆ ಆಮೇಲೆ ತಿರುಚಿಕೊಳ್ಳುತ್ತದೆ.

ಅಳತೆ ಮತ್ತು ಜೋಡಣೆ

ಇಬ್ಬರು ಮಲಗುವ ಸಾಮಾನ್ಯ ಫುಟಾನ್ 137 ಸೆಂ.ಮೀ. ಅಗಲ, 190 ಸೆಂ.ಮೀ. ಉದ್ದ. ಹಾಸಿಗೆಯನ್ನು ಎದುರಿಗಿಟ್ಟುಕೊಂಡು ಅಳೆದ ಮೇಲೆಯೇ ಮರ ಕೊಯ್ಯಿರಿ. ಪಕ್ಕದ ಹಲಗೆ 15 ಸೆಂ.ಮೀ. ಅಗಲ, 3.5 ಸೆಂ.ಮೀ. ದಪ್ಪ ಇರಲಿ; ಅದರ ಒಳಮೈಗೆ ಒಂದು ರೀಪರ್ ಬಿಗಿದು, ಅದರ ಮೇಲೆ ಅಡ್ಡಪಟ್ಟಿಗಳನ್ನು ಕೂರಿಸಬೇಕು. 9 ಸೆಂ.ಮೀ. ಅಗಲದ ಪಟ್ಟಿಗಳನ್ನು ಸುಮಾರು 5 ಸೆಂ.ಮೀ. ಬಿಟ್ಟು ಬಿಟ್ಟು ಇಟ್ಟರೆ 14 ಬೇಕಾಗುತ್ತವೆ. ಸಂದು ಇನ್ನೂ ಅಗಲವಾದರೆ ಹತ್ತಿ ಅದರೊಳಗೆ ಇಳಿಬೀಳುತ್ತದೆ.

ಮಂಚ ಕಿರುಗುಟ್ಟುವುದೂ ಸಡಿಲವಾಗುವುದೂ ಮೂಲೆಯಲ್ಲೇ. ಹಲಗೆಯ ತುದಿಗೆ ನೇರ ಹೊಡೆದ ಸ್ಕ್ರೂ ನಾರಿನ ಉದ್ದಕ್ಕೇ ನುಗ್ಗುವುದರಿಂದ ಅದರ ಹಿಡಿತ ಬೇಗ ಸಡಿಲುತ್ತದೆ. ಬದಲಿಗೆ 8 ಮಿ.ಮೀ. ಬೋಲ್ಟು ಕಾಲನ್ನು ಹಾದು ಹಲಗೆಯೊಳಕ್ಕೆ ಹೋಗಿ, ಅಲ್ಲಿ ಅಡ್ಡಲಾಗಿ ಕೂರಿಸಿದ ಉರುಟು ನಟ್ಟನ್ನು ಕಚ್ಚಬೇಕು. ಮನೆ ಬದಲಿಸುವಾಗ ಬಿಚ್ಚುವುದಕ್ಕೂ ಸಲೀಸು. ಅಡ್ಡಪಟ್ಟಿಗೆ ಸ್ಕ್ರೂ ಹಾಕುವ ಮುನ್ನ ಸಣ್ಣ ಬಿಟ್ಟಿನಿಂದ ತೂತು ಕೊರೆಯದಿದ್ದರೆ ಪಟ್ಟಿಯ ತುದಿ ಸೀಳುವುದು ಖಂಡಿತ.

ನಡುವೆ ಉದ್ದಕ್ಕೊಂದು ತೊಲೆ, ಅದರ ಮಧ್ಯಕ್ಕೊಂದು ಕಾಲು. ಇದಿಲ್ಲದ ಮಂಚದ ನಡು ಬಗ್ಗುತ್ತದೆ.

ಮೆರುಗು

ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ ಉರುಟು ಮಾಡಿ. ಚೂಪು ಅಂಚು ಹಾಸಿಗೆಯ ಬಟ್ಟೆ ಹರಿಯುತ್ತದೆ. ಅಗಸೆ ಎಣ್ಣೆ ಬಳಿಯುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುತ್ತಾ ಬಿಸಿಯೇರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ.